ಬೋರ್‌ವೆಲ್ಲಿಗೆ ಬಂದ ಸಂಬಂಧ

ನನ್ನ ಒಂದು ಚಟವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಬ್ಬಳ್ಳಿಗೆ ಹೋದಾಗ ನನ್ನ ಓರಗೆಯ ಹೆಂಗಸರ ಕಾಲು ಸೀರೆ ಅಂಗಡಿಯ ಮುಂದೆ ನಿಂತರೆ ನನ್ನ ಕಾಲು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ಮುಂದೆ ನಿಲ್ಲುತ್ತದೆ. ಗುಂಡಿ ಇರುವ ಯಾವ ವಸ್ತು ಕಂಡರೂ ಒತ್ತಿ ನೋಡಬೇಕು, ಮುಚ್ಚಳ ಇರುವ ಯಾವುದು ಕಂಡರೂ ಬಿಚ್ಚಿ ನೋಡಬೇಕು. ಇಪ್ಪತ್ತಾರು ವರ್ಷಗಳಿಂದ ಕುಬಿಹಾಳ ಸುತ್ತಿನ ಕನ್ನಡ ಶಾಲೆಗಳಲ್ಲಿ "ಮುಟ್ಟಬ್ಯಾಡ್ರಿ, ಕೆಡತೈತಿ" ಎಂದು ಮಕ್ಕಳಿಗೆ ಹೇಳುತ್ತ ಬಂದವಳು ನಾನು. ಮನೆಗೆ ಬಂದರೆ ಅದೇ ಮಾತನ್ನು ನಮ್ಮ ಯಜಮಾನರು ನನಗೆ ಹೇಳುತ್ತಾರೆ.

ಯಜಮಾನರದು ಒಕ್ಕಲುತನ. ಅವರ ಲೆಕ್ಕದಲ್ಲಿ ಹೊಸ ಯಂತ್ರ ಅಂದರೆ ಹೊಸ ಜಗಳ. ಮೂರು ವರ್ಷದ ಹಿಂದೆ ನಾನು ರೊಟ್ಟಿ ಒತ್ತುವ ಕರೆಂಟಿನ ಯಂತ್ರ ತಂದೆ. ಹಿಟ್ಟಿನ ಉಂಡೆ ಇಟ್ಟು ಮುಚ್ಚಿದರೆ ಸಾಕು, ಗುಂಡಗೆ, ತೆಳ್ಳಗೆ, ಬಿಳಿಜೋಳದ ರೊಟ್ಟಿ ತಯಾರು. ಯಜಮಾನರು ಒಂದು ತಿಂದರು. ಇನ್ನೊಂದನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಟೀಚರ, ಇದು ರೊಟ್ಟಿ ಅಲ್ಲ. ರೊಟ್ಟಿ ಫೋಟೋ ಐತಿ" ಅಂದರು. ಊರವರ ಹಾಗೆ ಅವರೂ ನನ್ನನ್ನು ಟೀಚರ ಅಂತಲೇ ಕರೆಯುವುದು. ಯಂತ್ರ ಈಗ ಮಂಚದ ಕೆಳಗಿದೆ, ಅದರ ಪಕ್ಕ ಮಾತಾಡುವ ಗಡಿಯಾರ, ಅದರ ಪಕ್ಕ ಚಪ್ಪಾಳೆ ತಟ್ಟಿದರೆ ಹತ್ತುವ ದೀಪ. ಈ ದೀಪದ್ದೊಂದು ಕಥೆ. ಮನೆಯಲ್ಲಿ ರೊಟ್ಟಿ ತಟ್ಟತೊಡಗಿದರೆ ಅದು ಹತ್ತಿ ಆರಿ, ಹತ್ತಿ ಆರಿ, ಹನ್ನೆರಡು ರೊಟ್ಟಿ ಮುಗಿಯುವುದರೊಳಗೆ ಸುಟ್ಟುಹೋಯಿತು.

ಹಾಗಂತ ಹಳೆಯ ಯಂತ್ರಗಳ ಮೇಲೆ ನನಗೇನೂ ಸಿಟ್ಟಿಲ್ಲ. ಅಪ್ಪನ ರೇಡಿಯೋ ಇನ್ನೂ ನನ್ನ ಹತ್ತಿರವಿದೆ. ಅದರ ತಲೆಯ ಮೇಲೆ ಒಂದು ಏಟು ಹಾಕಿದರೆ ಹಾಡುತ್ತದೆ, ಎರಡು ಹಾಕಿದರೆ ಸುದ್ದಿ ಹೇಳುತ್ತದೆ. ಆ ಕಾಲದ ಯಂತ್ರಗಳಿಗೆ ಮನುಷ್ಯರ ಗುಣವಿತ್ತು, ಬೈದರೆ ಕೇಳುತ್ತಿದ್ದವು. ಈಗಿನವು ಬೈಗುಳಕ್ಕೆ ಬಗ್ಗುವುದಿಲ್ಲ, ಪಾಸ್‌ವರ್ಡ್ ಕೇಳುತ್ತವೆ.

ನನ್ನ ಯಂತ್ರಗಳ ಪೈಕಿ ಯಜಮಾನರು ಬಾಯಿ ತುಂಬ ಹೊಗಳಿದ್ದು ಒಂದೇ ಒಂದನ್ನು: ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರ್. ನಮ್ಮ ಸೀಮೆಯ ಎರೆಹೊಲಗಳು ಹೆಚ್ಚಾಗಿ ಮಳೆಯನ್ನೇ ನಂಬಿದವು. ನಮ್ಮ ಹೊಲದಲ್ಲಿ ಮಾತ್ರ ಒಂದು ಬೋರ್ ಇದೆ, ಅದರ ನೀರಿಗೆ ಎರಡು ಎಕರೆ ಮೆಣಸಿನಕಾಯಿ. ಹೊಲ ಊರಿಂದ ಎರಡು ಮೈಲು ದೂರ. ಮೊದಲೆಲ್ಲ ತ್ರೀ ಫೇಸ್ ಕರೆಂಟು ಬಂತೆಂದು ಸುದ್ದಿ ಸಿಕ್ಕರೆ ಯಜಮಾನರು ಉಣ್ಣುವ ತಾಟು ಬಿಟ್ಟು ಓಡುತ್ತಿದ್ದರು. ಅವರು ಹೊಲ ಮುಟ್ಟುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಗುತ್ತಿತ್ತು. ನಾನು ತಂದ ಸ್ಟಾರ್ಟರಿನೊಳಗೆ ಒಂದು ಸಿಮ್ ಇದೆ. ಮನೆಯಲ್ಲಿ ಕೂತು ಆ ನಂಬರಿಗೆ ಫೋನ್ ಹಚ್ಚಿದರೆ ಒಳಗಿಂದ ಒಬ್ಬ ಹೆಣ್ಣುಮಗಳು "ನಿಮ್ಮ ಮೋಟಾರ್ ಚಾಲೂ ಆಗಿದೆ" ಎನ್ನುತ್ತಾಳೆ. ಇನ್ನೊಮ್ಮೆ ಹಚ್ಚಿದರೆ "ನಿಮ್ಮ ಮೋಟಾರ್ ಬಂದ್ ಆಗಿದೆ." ಕರೆಂಟು ಇಲ್ಲದಿದ್ದರೆ "ವಿದ್ಯುತ್ ಇಲ್ಲ." ಇಷ್ಟೇ ಅವಳ ಭಾಷೆ. ಮೊದಲ ದಿನ ಯಜಮಾನರು ಅವಳಿಗೆ "ಹೂಂನ್ರಿ, ಬಾಳ ಚಲೋ ಆತ್ರಿ" ಎಂದು ಉತ್ತರ ಕೊಟ್ಟರು. ನನಗೆ ಅವರು ಇಷ್ಟು ಮರ್ಯಾದೆಯಿಂದ ಉತ್ತರ ಕೊಟ್ಟ ನೆನಪಿಲ್ಲ.

ಇಂಥ ಸ್ಟಾರ್ಟರುಗಳು ನಾವು ಬರೆದುಕೊಟ್ಟ ನಂಬರುಗಳ ಮಾತನ್ನಷ್ಟೇ ಕೇಳುತ್ತವೆ. ಆದರೆ ಯಜಮಾನರ ಫೋನಿನಲ್ಲಿ ಚಾರ್ಜು ಇರುವುದು ಹುಣ್ಣಿಮೆಗೊಮ್ಮೆ. ಬಾಜು ಹೊಲದವರ ಫೋನು, ಚಹಾದಂಗಡಿಯವರ ಫೋನು, ಯಾರದು ಕೈಗೆ ಸಿಕ್ಕಿತೋ ಅದರಿಂದ ಹಚ್ಚುವವರು. ಅದಕ್ಕೇ ನಾನು ಜಾಣತನ ಮಾಡಿ, ಯಾರು ಫೋನ್ ಮಾಡಿದರೂ ಮೋಟಾರ್ ಮಾತು ಕೇಳಲಿ ಎಂದು ಬೀಗ ತೆಗೆದಿಟ್ಟೆ. ಆ ನಂಬರು ಯಾರಿಗೆ ತಾನೇ ಗೊತ್ತಿದೆ ಎನ್ನುವುದು ನನ್ನ ಧೈರ್ಯ.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ವಿದ್ಯಾ ಕುಂದಗೋಳದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ, ಮಂದಿಯ ರಕ್ತ ತೆಗೆದು, ಅದರಲ್ಲಿ ಸಕ್ಕರೆ ಎಷ್ಟು, ಉಪ್ಪು ಎಷ್ಟು ಎಂದು ಬರೆದುಕೊಟ್ಟು ಸಂಜೆ ಬರುತ್ತಾಳೆ. ಅವಳಿಗೆ ಗಂಡು ನೋಡುತ್ತಿದ್ದೆವು. ಆಗಲೇ ಮೂರು ಮನೆಯವರು ಬಂದು ಹೋಗಿದ್ದರು. ಮೂವರೂ ಒಪ್ಪಿದರು, ಇವಳೇ ಒಪ್ಪಲಿಲ್ಲ. ಮೂರನೆಯವರು ಹೋದ ಸಂಜೆ ಚಹಾದ ಕಪ್ಪು ತೊಳೆಯುತ್ತ ನಿಂತವಳ ಕಣ್ಣಲ್ಲಿ ನೀರಿತ್ತು.

"ಅವರು ಬಂದು ನನ್ನ ನೋಡಿ ಹೋಗ್ತಾರ ಬೇ. ನನಗ ಅವರು ಕಾಣೂದ ಇಲ್ಲ. ಇಸ್ತ್ರಿ ಮಾಡಿದ ಅಂಗಿ ಕಾಣತೈತಿ, ಅಷ್ಟ. ಗುರ್ತ ಇಲ್ಲದವನ ಕೂಡ ಹೆಂಗ ಹೋಗ್ಲಿ?"

ಅವಳ ಮಾತು ಖರೆ. ಹತ್ತು ನಿಮಿಷದಲ್ಲಿ, ಅದೂ ಅವಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿರುವಾಗ, ಯಾವ ಮನುಷ್ಯನ ಗುಣ ಗೊತ್ತಾಗುತ್ತದೆ? "ಇನ್ನೊಂದ ಸಲ ನೋಡೂಣು. ಅದೂ ಆಗಲಿಲ್ಲಂದ್ರ ಎರಡ ವರ್ಷ ಈ ಸುದ್ದಿನ ಬ್ಯಾಡ" ಎಂದು ಅವಳಿಗೆ ಮಾತು ಕೊಟ್ಟೆ.

ಈ ಸಲ ಎಲ್ಲ ಶಿಸ್ತಾಗಿ ಆಗಲಿ ಎಂದು ಬಯೋಡಾಟಾವನ್ನು ನಾನೇ ಫೋನಿನಲ್ಲಿ ತಯಾರು ಮಾಡಿದೆ. ಮೂಲೆಗೆ ಗಣಪತಿ, ಸುತ್ತಲೂ ಬಳ್ಳಿ, ನಡುವೆ ಹುಡುಗಿಯ ಫೋಟೋ. ಎಲ್ಲ ತುಂಬಿ ಕೊನೆಗೆ ಸಂಪರ್ಕದ ಜಾಗಕ್ಕೆ ಬಂದು ನನ್ನ ಹೆಸರು ಹೊಡೆಯತೊಡಗಿದ್ದೆ. ಫೋನು ನನಗಿಂತ ಜಾಣ, ಉಳಿದದ್ದನ್ನು ತಾನೇ ತುಂಬಿತು. ನನ್ನ ಹೆಸರಲ್ಲಿ ಅದರೊಳಗೆ ಎರಡು ನಂಬರಿದ್ದವು, ಒಂದು ನನ್ನದು, ಒಂದು ಮೋಟಾರಿನದು. ಯಾವುದನ್ನು ಹಾಕಿತು ಎಂದು ನಾನು ನೋಡಲಿಲ್ಲ. ಬಳ್ಳಿಯ ಬಣ್ಣ ಕೆಂಪಿರಲೋ ಹಸಿರಿರಲೋ ಎಂದು ಅರ್ಧ ತಾಸು ನೋಡಿದೆ. ಬಸಪ್ಪ ಕಾಕಾನಿಗೆ ಕಳಿಸಿಬಿಟ್ಟೆ. ಯಜಮಾನರ ದೂರದ ಕಾಕಾ ಅವರು, ನಮ್ಮ ಬಳಗದಲ್ಲಿ ಸಂಬಂಧ ಕುದುರಿಸುವವರು. ಅವರು ನಾಲ್ಕೂರಿಗೆ ಹಂಚಿದರು.

ಮದುವೆಗೂ ಯಂತ್ರಕ್ಕೂ ನಂಟು ಇವತ್ತಿನದಲ್ಲ. ಹಿಂದೆ ಕೈಗಡಿಯಾರ ಇಲ್ಲದ ಕಾಲದಲ್ಲಿ ಮುಹೂರ್ತ ಅಳೆಯಲು ಗಳಿಗೆ ಬಟ್ಟಲು ಇಡುತ್ತಿದ್ದರಂತೆ. ನೀರು ತುಂಬಿದ ಹಂಡೆ, ಅದರ ಮೇಲೆ ತೇಲುವ ತಾಮ್ರದ ಬಟ್ಟಲು, ಬಟ್ಟಲಿನ ತಳಕ್ಕೆ ಸೂಜಿಯಷ್ಟು ತೂತು. ನೀರು ತುಂಬಿ ಬಟ್ಟಲು ಮುಳುಗಿತೆಂದರೆ ಒಂದು ಗಳಿಗೆ, ನಮ್ಮ ಲೆಕ್ಕದ ಇಪ್ಪತ್ನಾಲ್ಕು ನಿಮಿಷ. ಅದನ್ನು ಕಾಯಲು ಒಬ್ಬ ಮನುಷ್ಯ. ಅವನು ತೂಕಡಿಸಿದನೋ, ವಧೂವರರು ಬಾಸಿಂಗ ಕಟ್ಟಿಕೊಂಡು ನಿಂತೇ ಇರಬೇಕು. ನನ್ನ ಅಜ್ಜಿ ಇದನ್ನು ಹೇಳುವಾಗ ಆ ಕಾಯುವವನ ಮೇಲೆ ಇವತ್ತಿಗೂ ಅನುಮಾನವಿದ್ದವಳ ಹಾಗೆ ಹೇಳುತ್ತಿದ್ದಳು. ನನ್ನ ಮೇಲೆ ಅನುಮಾನ ಪಡುವವರು ಯಾರೂ ಇರಲಿಲ್ಲ, ಅದೇ ತಪ್ಪಾಯಿತು.

ನಾಲ್ಕು ದಿನ ಕಳೆದವು. ಯಾರದೂ ಫೋನಿಲ್ಲ. ಐದನೆಯ ದಿನವೂ ಇಲ್ಲ. ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಲೇ ಕೈಚೀಲದಿಂದ ಫೋನು ತೆಗೆದು ತೆಗೆದು ನೋಡುತ್ತಿದ್ದೆ. ಇತ್ತ ಹೊಲದ ಕಡೆಯಿಂದ ಬೇರೆಯೇ ಸುದ್ದಿ.

"ಟೀಚರ, ಮೋಟಾರಿಗೆ ಏನೋ ಹೊಕ್ಕೈತಿ" ಅಂದರು ಯಜಮಾನರು. "ನಾ ಚಾಲೂ ಮಾಡಾಕಂತ ಫೋನ್ ಹಚ್ಚಿದ್ರ ಆಕಿ ಬಂದ್ ಆಗಿದೆ ಅಂತಾಳ. ಬಂದ್ ಮಾಡಾಕ ಹಚ್ಚಿದ್ರ ಚಾಲೂ ಆಗಿದೆ ಅಂತಾಳ. ಹೆಂಡ್ತಿ ಹಂಗ ಎದುರ ಮಾತಾಡಾಕ ಕಲ್ತಾಳ."

ಆರನೆಯ ದಿನ ಹೊಲಕ್ಕೆ ಹೋಗಿ ಬಂದವರ ಮುಖ ಕೆಂಪಗಾಗಿತ್ತು. ಹೂ ಬಿಟ್ಟಿದ್ದ ಮೆಣಸಿನ ಮಡಿಯೊಂದರಲ್ಲಿ ನೀರು ನಿಂತುಬಿಟ್ಟಿತ್ತು. ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ, ಬೇರು ಕೊಳೆಯುತ್ತದೆ. ನಾನು ಸ್ಟಾರ್ಟರ್ ಮಾರಿದ ಅಂಗಡಿಯವನಿಗೆ ಫೋನ್ ಮಾಡಿ ಚೆನ್ನಾಗಿ ಝಾಡಿಸಿದೆ. ಪಾಪ, ಅವನು "ಯಂತ್ರ ಬರೋಬ್ಬರಿ ಐತ್ರಿ ಅಕ್ಕಾರ" ಅಂತಲೇ ಇದ್ದ.

ಏಳನೆಯ ದಿನ ಬೆಳಿಗ್ಗೆ ಬಸಪ್ಪ ಕಾಕಾ ಬಂದರು. ಬಂದವರು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಏನವಾ ಟೀಚರ, ಫೋನಿನ್ಯಾಗ ಯಾರ್ನ ಕುಂಡ್ರಿಸಿದಿ? ಗುಡಗೇರಿ ಹಿರಿಯರು ಸಂಬಂಧದ ಮಾತಾಡಾಕ ಹಚ್ಚಿದ್ರ ಯಾವಾಕಿನೋ ಮೋಟಾರ್ ಬಂದ್ ಆಗಿದೆ ಅಂದಳಂತ. ಅವರು ಬಿಡಬೇಕಲ್ಲ? ತಂಗೀ, ಮೋಟಾರ್ ಇರ್ಲಿ, ಹುಡುಗಿ ಎಷ್ಟ ಓದ್ಯಾಳ ಹೇಳು ಅಂತ ಒಂದ ತಾಸ ಕೇಳ್ಯಾರ. ಇನ್ನೊಬ್ಬರಿಗೆ ವಿದ್ಯುತ್ ಇಲ್ಲ ಅಂದಳಂತ. ಮನ್ಯಾಗ ಕರೆಂಟ ಇಲ್ಲದ್ದನ್ನ ಹಿಂಗ ಹೇಳ್ಕೊಂಡ ತಿರಗ್ತಾರೇನು ಅಂತ ನನ್ನ ಕೇಳಿದ್ರು!"

ನಾನು ಕೂತಲ್ಲೇ ಫೋನಿಗೆ ಕೈ ಹಾಕಿದೆ. ಬಯೋಡಾಟಾ ತೆಗೆದು ನೋಡಿದೆ. ಕೆಂಪು ಬಳ್ಳಿಯ ಕೆಳಗೆ, ದಪ್ಪ ಅಕ್ಷರದಲ್ಲಿ, ಬೋರ್‌ವೆಲ್ಲಿನ ನಂಬರು.

"ಶಲವಡಿ ಹುಡುಗ ಒಬ್ಬ ಕಂಡ ಹಿಡ್ದ" ಅಂದರು ಕಾಕಾ. "ಅವಂದು ಅಣ್ಣಿಗೇರಿಯೊಳಗ ಮೋಟಾರ್ ವೈಂಡಿಂಗ್ ಅಂಗಡಿ ಐತಿ. ಕಾಕಾರ, ಇದು ಮನುಷ್ಯಾರ ನಂಬರ್ ಅಲ್ರಿ, ಬೋರಿನ ನಂಬರ್ ಐತಿ, ಅವರಿಗೆ ತಿಳಿಸ್ರಿ, ಬೆಳಿ ಕೆಡತಾವು ಅಂತ ನನಗ ಫೋನ್ ಮಾಡಿದ. ಅದಕ್ಕ ಓಡಿ ಬಂದೆ."

ಯಜಮಾನರು ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಅವರು ನಗತೊಡಗಿದರು, ನಕ್ಕು ನಕ್ಕು ಕಂಬ ಹಿಡಿದುಕೊಂಡರು. "ನನ್ನ ಮಗಳನ್ನ ಕೇಳಾಕ ಬಂದವ್ರೆಲ್ಲಾರ ಕಡೆ ಹೊಲಕ್ಕ ನೀರ ಹಾಯಿಸಿದಳಲ್ಲೋ ಕಾಕಾ! ಯಾವ ಬೀಗರ ಕಡೆಯಿಂದ ಯಾರು ಇಷ್ಟ ದುಡಿಸ್ಕೊಂಡಾರ?" ಅಂದರು. ಮೆಣಸಿನಕಾಯಿಯ ಸಿಟ್ಟು ಅವರಿಗೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಇದೊಂದೇ ಸಲ ಎಂದು ಮಗಳಿಗೆ ಮಾತು ಕೊಟ್ಟಿದ್ದೆ, ಆ ಒಂದು ಸಲವನ್ನೂ ನನ್ನ ಚಟಕ್ಕೆ ಬಲಿ ಕೊಟ್ಟಿದ್ದೆ. ಮೂಲೆಗೆ ಹೋಗಿ ಕಣ್ಣೊರೆಸಿಕೊಂಡೆ.

ಅವತ್ತು ರವಿವಾರ, ವಿದ್ಯಾ ಮನೆಯಲ್ಲಿದ್ದಳು. ಕಾಕಾನ ಮಾತೆಲ್ಲ ಕೇಳಿಸಿಕೊಂಡವಳು ನನ್ನ ಹತ್ತಿರ ಬಂದು, "ಫೋನ್ ಕೊಡಿಲ್ಲೆ. ಸ್ಟಾರ್ಟರಿನ ಆ್ಯಪಿನ್ಯಾಗ ಯಾರು ಯಾವಾಗ ಹಚ್ಯಾರ ಅಂತ ಇರತೈತಲ್ಲ?" ಎಂದಳು. ಇರುತ್ತದೆ. ಕೊಂಡ ದಿನ ಅದನ್ನೆಲ್ಲ ಊರಿಗೇ ತೋರಿಸಿ ಬಂದಿದ್ದೆ. ಆಮೇಲೆ ತೆಗೆದು ನೋಡಿರಲಿಲ್ಲ. ಹೊಸ ಯಂತ್ರದ ಮೇಲೆ ನನ್ನ ಪ್ರೀತಿ ಹದಿನೈದು ದಿನದ್ದು.

ಅವಳು ಲ್ಯಾಬಿನ ರಿಪೋರ್ಟು ನೋಡುವ ಹಾಗೆ ಹುಬ್ಬು ಗಂಟು ಹಾಕಿ ಓದುತ್ತ ಕೂತಳು. ಒಂದು ನಂಬರಿನಿಂದ ಒಂದೇ ಕರೆ: ಮೋಟಾರ್ ಚಾಲೂ, ಮುಗಿಯಿತು. ಇನ್ನೊಂದರಿಂದ ಮೂರು: ಚಾಲೂ, ಬಂದ್, ಚಾಲೂ, ಮುಗಿಯಿತು. ಫೋನ್ ಹಚ್ಚಿ, ಬೇಸತ್ತು ಇಟ್ಟವರು. ಅವರದೇನೂ ತಪ್ಪಿಲ್ಲ ಬಿಡಿ, ಯಾರಿಗೆ ಗೊತ್ತಾಗಬೇಕು? ಅಷ್ಟರಲ್ಲಿ ವಿದ್ಯಾಳ ಬೆರಳು ಒಂದು ಕಡೆ ನಿಂತಿತು.

"ಅವ್ವಾ, ಇಲ್ಲೆ ನೋಡು. ಈ ನಂಬರಿನವ ಮೊದಲನೇ ದಿನ ಎರಡ ಸಲ ಹಚ್ಯಾನ. ಚಾಲೂ ಆತು, ಅರ್ಧ ನಿಮಿಷದಾಗ ತಿರುಗಿ ಹಚ್ಚಿ ಬಂದ್ ಮಾಡ್ಯಾನ. ಮರುದಿನಾನೂ ಹಂಗ. ಚಾಲೂ, ಬಂದ್."

"ಮೂರನೇ ದಿನ?"

"ಮೂರನೇ ದಿನ ಅವನಕಿಂತ ಮೊದಲ ಯಾರೋ ಚಾಲೂ ಮಾಡಿ ಬಿಟ್ಟಾರ. ಇವ ಹಚ್ಚಿದ, ಬಂದ್ ಆತು. ಹೊಲದವರು ನೀರ ಬಿಟ್ಟಿದ್ರು, ನಾ ಕೆಡಿಸಿದೆ ಅನಿಸಿರಬೇಕು. ಮತ್ತ ಹಚ್ಚಿ ಚಾಲೂ ಮಾಡಿ ಹೋಗ್ಯಾನ."

ಕಾಕಾ ಕನ್ನಡಕ ಏರಿಸಿ ನಂಬರು ನೋಡಿ, "ಇದ ಅವಂದು, ಶಲವಡಿ ಮಂಜುನಾಥಂದು" ಎಂದರು. ಯಜಮಾನರು ತಾರೀಖು ನೋಡಿ ಹಣೆ ಬಡಿದುಕೊಂಡರು. "ಮಡಿ ತುಂಬಿದ್ದು ಅವತ್ತ! ಆ ಪುಣ್ಯಾತ್ಮ ಪ್ರಾಮಾಣಿಕ ಇದ್ದದ್ದಕ್ಕ ಮೆಣಸಿನಕಾಯಿ ಮುಳುಗಿದ್ದು!"

ವಿದ್ಯಾ ನಗಲಿಲ್ಲ. ಆ ಆರು ಸಾಲುಗಳನ್ನು ಇನ್ನೊಮ್ಮೆ ಓದಿದಳು. ಮಂದಿಯ ರಕ್ತದಲ್ಲಿ ಇರುವುದನ್ನೆಲ್ಲ ಓದಬಲ್ಲವಳು ನನ್ನ ಮಗಳು. ಅಲ್ಲಿ ಆ ಆರು ಸಾಲಿನಲ್ಲಿ ಏನು ಓದಿಕೊಂಡಳೋ, ನನ್ನ ಫೋನಿನಿಂದ ಆ ನಂಬರಿಗೆ ಕರೆ ಮಾಡಿ ಅಂಗಳಕ್ಕೆ ಇಳಿದಳು. ನಾನೂ ಹಿಂದೆ ಹೋದೆ. ಸ್ಪೀಕರಿನ ಗುಂಡಿ ಒತ್ತಿದ್ದು ನಾನೇ, ಅವಳಲ್ಲ.

"ನಾನ್ರಿ, ಕುಬಿಹಾಳದ ವಿದ್ಯಾ. ನೀವು ನಮ್ಮ ಮೋಟಾರಿಗೆ ಆರ ಸಲ ಫೋನ್ ಮಾಡೀರಿ."

ಆ ಕಡೆ ಏನೋ ಸಾಮಾನು ಕೆಳಗೆ ಬಿದ್ದ ಸಪ್ಪಳ. "ಹೌದ್ರಿ. ತಪ್ಪ ತಿಳ್ಕೋಬ್ಯಾಡ್ರಿ. ಮೊದಲನೇ ಸಲಕ್ಕ ಗೊತ್ತಾಗಿತ್ರಿ ನನಗ. ನಮ್ಮವ್ವ ಬಿಡಲಿಲ್ಲ, ಬಾಜೂಕ ನಿಂತು, ಇನ್ನೊಮ್ಮೆ ಹಚ್ಚು, ಹುಡುಗಿ ಅವ್ವ ಎತ್ತತಾಳ ಅಂತ ದಿನಾ ಹಚ್ಚಸಿದಳು." ಅದರ ಬೆನ್ನಿಗೇ, "ಮೆಣಸಿನಕಾಯಿಗೆ ನೀರ ನಿಂತಿದ್ರ ಮಡಿ ಒಡ್ಡ ಕಡೀರಿ ಮೊದಲ. ನಿಂತಾವೇನ್ರಿ?"

"ನಿಂತಿದ್ವು. ನೀವ ನಿಲ್ಲಸಿದ್ರಿ" ಎಂದಳು ವಿದ್ಯಾ. ಆಮೇಲೆ ಜೋರಾಗಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು. ನಾನು ಸುಮ್ಮನೆ ಸ್ಪೀಕರ್ ಬಂದ್ ಮಾಡಿ ಒಳಗೆ ಬಂದೆ. ನನ್ನ ಬಾಳಿನಲ್ಲಿ ನಾನಾಗಿಯೇ ಬಂದ್ ಮಾಡಿದ ಗುಂಡಿ ಅದೊಂದೇ ಇರಬೇಕು.

ಮುಂದಿನ ರವಿವಾರ ಅವರು ಬಂದರು. ಹುಡುಗ ಚಹಾ ಕುಡಿಯುವ ಮೊದಲೇ "ಹೊಲಾ ನೋಡೂಣ್ರಿ" ಎಂದು ಯಜಮಾನರ ಜೊತೆ ಹೊರಟುಬಿಟ್ಟ. ತಿರುಗಿ ಬಂದಾಗ ಇಸ್ತ್ರಿ ಮಾಡಿದ ಪ್ಯಾಂಟಿಗೆ ಮೊಣಕಾಲಿನವರೆಗೆ ಎರೆಮಣ್ಣು. ಬಹಳಷ್ಟು ಗಿಡ ಉಳಿಯುತ್ತವೆ, ಒಂದು ಸಾಲು ಮಾತ್ರ ಹೋಯಿತು ಎಂದು ಅಪರಾಧಿಯ ಹಾಗೆ ತಲೆ ತಗ್ಗಿಸಿ ಹೇಳಿದ. ಅವರವ್ವ ನನ್ನ ಕೈ ಹಿಡಿದು, "ಫೋನಿನ್ಯಾಗ ಮಾತಾಡಿದಾಕಿ ನೀವಲ್ಲೇನ್ರಿ ಹಂಗಾದ್ರ? ಧ್ವನಿ ಬಾಳ ಚಲೋ ಇತ್ರಿ" ಎಂದು ಸ್ವಲ್ಪ ನಿರಾಶೆಪಟ್ಟುಕೊಂಡರು. ಮಕ್ಕಳಿಬ್ಬರೂ ಅಂಗಳದ ಬೇವಿನ ಗಿಡದ ಕೆಳಗೆ ಅರ್ಧ ತಾಸು ಮಾತಾಡಿದರು. ಏನು ಮಾತಾಡಿದರೋ ತಿಳಿಯಲಿಲ್ಲ. ಅದನ್ನು ಹೇಳುವ ಆ್ಯಪು ಇನ್ನೂ ಬಂದಿಲ್ಲ.

ಅವರ ಕಡೆಯಿಂದ ಒಪ್ಪಿಗೆ ಅಂದೇ ಬಂತು. "ನನಗ ಎರಡ ದಿನ ಟೈಮ್ ಕೊಡ್ರಿ ಕಾಕಾ" ಎಂದಳು ವಿದ್ಯಾ. ಸೋಮವಾರ ತುಟಿ ಬಿಚ್ಚಲಿಲ್ಲ. ಮಂಗಳವಾರ ಬೆಳಿಗ್ಗೆಯೂ ಇಲ್ಲ. ಕೇಳಿದರೆ ಒತ್ತಾಯ ಮಾಡಿದ ಹಾಗಾಗುತ್ತದೆ, ಕೇಳದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ. ಶಾಲೆಯಲ್ಲಿ ಏಳರ ಮಗ್ಗಿಯನ್ನು ಎಂಟರದ್ದೆಂದು ಹೇಳಿಸಿದೆ. ಮಕ್ಕಳು ಒಬ್ಬರೂ ತಿದ್ದಲಿಲ್ಲ, ಅದು ಬೇರೆ ಚಿಂತೆ.

ಮಂಗಳವಾರ ಸಂಜೆ ಯಜಮಾನರು, "ಮೊದಲ ಆ ಸ್ಟಾರ್ಟರಿಗೆ ಕೀಲಿ ಹಾಕು ಟೀಚರ" ಎಂದರು. ಕಟ್ಟೆಯ ಮೇಲೆ ಫೋನು ಹಿಡಿದು ಕೂತೆ. ಅದಕ್ಕೆ ನಾಲ್ಕೇ ನಂಬರು ಬರೆಯಲು ಬರುತ್ತದೆ. ಮೊದಲನೆಯದು ನನ್ನದು. ಎರಡನೆಯದು ಯಜಮಾನರದು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದರೂ ಅವರ ನಂಬರು ನನ್ನ ಬಾಯಿಗೆ ಬರುವುದಿಲ್ಲ, ಹುಡುಕಿ ನೋಡಿ ಹಾಕಿದೆ. ಮೂರನೆಯದು ವಿದ್ಯಾಳದು, ಅದನ್ನೂ ನೋಡಿಯೇ ಹಾಕಿದೆ. ಈಗ ಯಾರಿಗೆ ಯಾರ ನಂಬರು ನೆನಪಿರುತ್ತದೆ ಹೇಳಿ. ಎಲ್ಲ ಫೋನಿನ ಹೊಟ್ಟೆಯಲ್ಲಿ.

"ನಾಲ್ಕನೇದು ಖಾಲಿ ಬಿಡ್ಲೇನು?" ಎಂದು ನನ್ನಷ್ಟಕ್ಕೇ ಅಂದುಕೊಂಡೆ.

ವಿದ್ಯಾ ಬಾಜೂಕೇ ಕೂತು ಮೆಂತೆ ಪಲ್ಯ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. "ಖಾಲಿ ಯಾಕ ಬಿಡ್ತಿ ಬೇ? ಬರಕೋ, ಹೇಳ್ತೇನಿ."

ಹೇಳಿದಳು. ಒಂದೊಂದೇ ಅಂಕಿ, ಹತ್ತೂ ಅಂಕಿ. ಅವಳ ಫೋನು ಒಳಗೆ ಚಾರ್ಜಿಗೆ ಹಾಕಿತ್ತು. ಒತ್ತುವಾಗ ಎಲ್ಲೋ ತಪ್ಪಾಯಿತು. "ಇನ್ನೊಮ್ಮೆ ಹೇಳವಾ" ಅಂದೆ. ಕೈಯಲ್ಲಿ ಪಲ್ಯದ ಕಡ್ಡಿ ಮುರಿಯುತ್ತಲೇ ಮತ್ತೆ ಹೇಳಿದಳು, ಎಲ್ಲಿಯೂ ತಡವರಿಸಲಿಲ್ಲ.

ಕಣ್ಣು ತುಂಬಿ ನನಗೆ ಫೋನಿನ ಪರದೆಯೇ ಕಾಣದಾಯಿತು. ಎತ್ತಿಗೆ ಮೇವು ಹಾಕುತ್ತಿದ್ದ ಯಜಮಾನರು ಅಲ್ಲಿಂದಲೇ ಕೂಗಿದರು. "ನಾಲ್ಕನೇದ್ದು ಯಾರದಲೇ ಅದು?"

"ನಿಮ್ಮ ಅಳಿಯಂದು" ಅಂದೆ.

ಮೇವಿನ ಸಪ್ಪಳ ನಿಂತಿತು. ಕೈ ಒರೆಸಿಕೊಳ್ಳುತ್ತ ಕಟ್ಟೆಯ ಹತ್ತಿರ ಬಂದು ಅಂದರು:

"ಹಂಗಾರ ಅವನ್ನ ಮೊದಲನೇ ನಂಬರಿಗೆ ಹಾಕು ಟೀಚರ. ಈ ಮನ್ಯಾಗ ಚಾಲೂ ಮಾಡೂ ಮಂದಿ ಬೇಕಾದಷ್ಟ ಅದೇವಿ. ಬಂದ್ ಮಾಡೂದು ಗೊತ್ತಿದ್ದವ ಒಬ್ಬ ಬೇಕಾಗಿದ್ದ."